ಉಡಪ್ಪನ ಆರನೆಯ ಚುನಾವಣೆ

ಮಕ್ಕಳೇ, ನೇರಳೆಕೆರೆ ಎಲ್ಲಿದೆ ಎಂದು ಮಾತ್ರ ಕೇಳಬೇಡಿ. ಹೇಳಿದರೆ ನಾಳೆಯೇ ಹೋಗಿ ನೀರಿಗೆ ಕಲ್ಲು ಎಸೆಯುತ್ತೀರಿ, ಆಮೇಲೆ ಅಲ್ಲಿಯ ಕಪ್ಪೆಗಳಿಂದ ಬೈಸಿಕೊಳ್ಳುವವನು ನಾನು. ಒಂದು ಕಾಡು, ಕಾಡಿನ ನಡುವೆ ಒಂದು ಕೆರೆ, ಕೆರೆಯ ಸುತ್ತ ನೇರಳೆ ಮರಗಳು. ಇಷ್ಟು ಗೊತ್ತಿದ್ದರೆ ಸಾಕು.

ಆ ಕೆರೆಗೆ ವರ್ಷಕ್ಕೊಮ್ಮೆ ಯಜಮಾನನನ್ನು ಆರಿಸುತ್ತಿದ್ದರು. ಬೇಸಿಗೆಯಲ್ಲಿ ನೀರು ಇಳಿದು ದಡದ ಹಸಿ ಮಣ್ಣು ಕಾಣುತ್ತದಲ್ಲ, ಆಗ ಚುನಾವಣೆ. ನಿಂತವರಿಗೆಲ್ಲ ಆ ಮಣ್ಣಿನಲ್ಲಿ ಒಂದೊಂದು ಅಂಗಳ. ಬಾತುಗಳು ಹೊಟ್ಟೆ ಎಳೆದುಕೊಂಡು ಓಡಾಡಿ ಅಂಗಳವನ್ನು ನುಣ್ಣಗೆ ಸವರಿಕೊಡುತ್ತಿದ್ದವು. ಓಟು ಹಾಕುವವರು ಬಿದಿರು ಮೆಳೆಯ ಹಿಂದೆ ಕಾದಿದ್ದು ಒಬ್ಬೊಬ್ಬರಾಗಿ ಬರಬೇಕು, ಮಣ್ಣಿನಲ್ಲಿ ಅಲ್ಲಲ್ಲಿ ಇಟ್ಟ ಕಲ್ಲುಗಳ ಮೇಲೆ ನಡೆದು ಹೋಗಿ, ಬೇಕಾದವರ ಅಂಗಳದಲ್ಲಿ ಬಲಗಾಲನ್ನು ಒಂದೇ ಸಲ ಊರಿ ಹಿಂದಿರುಗಬೇಕು. ಹಾವುಗಳು ಬಾಲದ ತುದಿಯಿಂದ ಒಂದು ಗೆರೆ ಎಳೆದು ಹೋಗುತ್ತಿದ್ದವು. ಮೀನುಗಳಿಗೆ ಕಾಲೂ ಇಲ್ಲ, ದಡಕ್ಕೆ ಬರುವ ಹಾಗೂ ಇಲ್ಲ, ಹಾಗಾಗಿ ಓಟೂ ಇಲ್ಲ. ಮರುದಿನ ಬೆಳಿಗ್ಗೆ ಟಿಟ್ಟಿಭ ಹಕ್ಕಿ ಬಂದು ಹೆಜ್ಜೆಗಳನ್ನು ಎಣಿಸಿ ಗೆದ್ದವರ ಹೆಸರು ಕೂಗುತ್ತಿತ್ತು.

ಐದು ವರ್ಷದಿಂದ ಗೆಲ್ಲುತ್ತಿದ್ದವನು ಕಾಡುಹಂದಿ ಕೋರೆರಾಯ. ಐದು ವರ್ಷದಿಂದ ಸೋಲುತ್ತಿದ್ದವನು ಉಡಪ್ಪ. ಅವನು ಉಡ, ಮಕ್ಕಳೇ. ಉಡದ ಪಟ್ಟು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಹಿಡಿದರೆ ಬಿಡುವ ಜಾತಿಯಲ್ಲ ಅದು.

ಅವನು ಹಟ ಹಿಡಿದದ್ದಕ್ಕೆ ಕಾರಣವೂ ಇತ್ತು. ಗುಡ್ಡದಿಂದ ಕೆರೆಗೆ ಮಳೆನೀರು ತರುವ ಕಾಲುವೆ ಹೂಳು ತುಂಬಿ ಮುಚ್ಚಿಹೋಗಿತ್ತು. ವರ್ಷವರ್ಷವೂ ಕೆರೆ ಸಣ್ಣದಾಗುತ್ತಿತ್ತು. ಬೇಸಿಗೆಯ ಕೊನೆಗೆ ಪಡುವಣ ಗುಂಡಿಯಲ್ಲಿ ಮೀನುಗಳು ಬಾಯಿ ಬಾಯಿ ಬಿಟ್ಟು ಸಾಯುತ್ತಿದ್ದವು. ಕೋರೆರಾಯನಿಗೆ ಕೆಸರಿನಲ್ಲಿ ಹೊರಳುವುದೆಂದರೆ ಪ್ರಾಣ. ಹೂಳು ಹೆಚ್ಚಿದಷ್ಟೂ ಅವನಿಗೆ ಹಬ್ಬ. ಕಾಲುವೆ ತೋಡಲು ಎಲ್ಲರನ್ನೂ ಕೆಲಸಕ್ಕೆ ಕರೆಯುವ ಹಕ್ಕು ಯಜಮಾನನಿಗೆ ಮಾತ್ರ ಇತ್ತು. ಉಡಪ್ಪ ತಾನೊಬ್ಬನೇ ಉಗುರು ಸವೆಯುವಷ್ಟು ತೋಡಿ ನೋಡಿದ್ದ. ಒಂದು ಮಾರು ತೋಡುವಷ್ಟರಲ್ಲಿ ಮಳೆಗಾಲ ಬಂದು, ತೋಡಿದ್ದೂ ಮುಚ್ಚಿಹೋಗುತ್ತಿತ್ತು.

ಐದನೆಯ ಚುನಾವಣೆಯ ಮರುದಿನ ಟಿಟ್ಟಿಭ ಕೂಗಿತು: "ಕೋರೆರಾಯನಿಗೆ ಇಪ್ಪತ್ತೈದು! ಉಡಪ್ಪನಿಗೆ ಒಂಬತ್ತು!"

"ಒಂಬತ್ತೇ?" ಎಂದ ಉಡಪ್ಪ. "ಸರಿಯಾಗಿ ನೋಡಿದೆಯಾ?"

"ಅಂಗಳ ಗುಡಿಸಿಟ್ಟ ಹಾಗಿದೆಯಪ್ಪ. ಇದ್ದದ್ದನ್ನು ಎಣಿಸುವುದು ನನ್ನ ಕೆಲಸ, ಇಲ್ಲದ್ದನ್ನಲ್ಲ," ಎಂದು ಟಿಟ್ಟಿಭ ಹಾರಿಹೋಯಿತು.

ಉಡಪ್ಪನಿಗೆ ಮೈಯೆಲ್ಲ ಉರಿಯಿತು. ನೇರವಾಗಿ ಮುಳ್ಳುಹಂದಿ ಮುಳ್ಳಣ್ಣನ ಬಿಲದ ಮುಂದೆ ಹೋಗಿ ನಿಂತ. ಸುತ್ತಮುತ್ತಲಿನವರೆಲ್ಲ ಕೇಳುವ ಹಾಗೆ ಕೂಗಿದ:

"ಕಳ್ಳ! ನಾನು ತಂದ ಗೆಣಸು ತಿಂದೆ, ನಿನಗೇ ಹಾಕುತ್ತೇನೆ ಅಂದೆ, ಹೋಗಿ ಹಂದಿಯ ಅಂಗಳದಲ್ಲಿ ಕಾಲಿಟ್ಟೆ!"

ಮುಳ್ಳಣ್ಣ ಮಾತಿನವನಲ್ಲ. ಮುಳ್ಳುಗಳನ್ನು ಒಮ್ಮೆ ಸೆಟೆಸಿದ, ಒಮ್ಮೆ ಇಳಿಸಿದ, ಒಳಗೆ ಹೋದ. ಹೆಂಡತಿ ಮಕ್ಕಳ ಮುಂದೆ ಅಷ್ಟು ಮಾತು ಕೇಳಬೇಕಾಗಿ ಬಂದದ್ದರಿಂದ ಅವನಿಗೆ ಎಷ್ಟು ನೋವಾಗಿರಬೇಕು, ನೀವೇ ಹೇಳಿ.

ಹೀಗೆ ಮಾಡುವುದು ಉಡಪ್ಪನಿಗೆ ಹೊಸದೇನಲ್ಲ. ಸೋತ ಮರುದಿನ ಮನೆಮನೆಗೆ ಹೋಗಿ ಬೈಯುವುದು, ಆಮೇಲೆ ಬಿಲ ಸೇರಿ ಮುಖ ತೋರಿಸದೆ ಕೂರುವುದು, ಮತ್ತೆ ಚುನಾವಣೆ ಬಂದಾಗ ಗೆಣಸು ಹೊತ್ತುಕೊಂಡು "ಅಣ್ಣಾ, ಅಕ್ಕಾ" ಎಂದು ಬರುವುದು. ಐದು ವರ್ಷವೂ ಇದೇ ಕತೆ.

ಅವತ್ತು ಕೊನೆಗೆ ಅವನು ಹೋದದ್ದು ದಡದ ಏಡಿಯಮ್ಮನ ಬಳಿಗೆ. ಅವಳ ಬಿಲ ಉಡಪ್ಪನ ಅಂಗಳದ ಎದುರಿಗೇ ಇತ್ತು.

"ಏಡಿಯಮ್ಮ, ನೀವೂ ಕೈ ಕೊಟ್ಟಿರಿ ಅಲ್ಲವೇ?"

ಏಡಿಯಮ್ಮ ವಯಸ್ಸಾದವಳು, ಕೋಪ ಮೂಗಿನ ತುದಿಯಲ್ಲಿ. ಏಡಿಗೆ ಮೂಗೆಲ್ಲಿ ಎಂದು ಕೇಳಬೇಡಿ. ಕೊಂಡಿ ಕಟಕಟಿಸುತ್ತ ಹೊರಗೆ ಬಂದಳು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಐದು ವರ್ಷವೂ ನಿನಗೇ ಹಾಕಿದ್ದೇನೆ ಕಣಯ್ಯ. ನಾನೊಬ್ಬಳೇ ಅಲ್ಲ, ಯಾರ್ಯಾರು ಹಾಕಿದರು ಎಂದು ಇಲ್ಲೇ ಕೂತು ಕಣ್ಣಾರೆ ನೋಡಿದ್ದೇನೆ."

"ಹಾಗಾದರೆ ಹೆಜ್ಜೆಗಳು ಎಲ್ಲಿ ಹೋದವು? ಹಂದಿ ತಿಂದನೇ?"

"ಬಾ ಇಲ್ಲಿ. ಓಟಿನ ದಿನ ಎಲ್ಲಿ ಕೂತಿದ್ದೆಯೋ ಅಲ್ಲೇ ಕೂತುಕೋ."

ಉಡಪ್ಪ ಗೊಣಗುತ್ತಲೇ ಅಂಗಳದ ತುದಿಯಲ್ಲಿ ಕೂತ. ಏಡಿಯಮ್ಮ ಮಣ್ಣಿನಲ್ಲಿ ಕೊಂಡಿ ಊರಿ ಒಂದು ಗುರುತು ಮಾಡಿ ಪಕ್ಕಕ್ಕೆ ಸರಿದಳು.

"ನಾನು ಓಟು ಹಾಕಿದೆ ಅಂದುಕೋ. ಆಗ ನೀನೇನು ಮಾಡುತ್ತಿದ್ದೆ?"

"ಏನು ಮಾಡುವುದು, ಹೋಗಿ ನೋಡುತ್ತಿದ್ದೆ. ಹಾಕಿದರೋ, ಹಾಕಿದ ಹಾಗೆ ನಟಿಸಿದರೋ, ಗೊತ್ತಾಗಬೇಡವೇ? ಆಮೇಲೆ ಕಣ್ಣೆಲ್ಲ ಬಿದಿರು ಮೆಳೆಯ ಕಡೆಗೇ, ಎಷ್ಟು ಬಿದ್ದವೆಂದು ಎಣಿಸಲಿಲ್ಲ, ಮುಳ್ಳಣ್ಣ ಬಂದದ್ದಂತೂ ಕಾಣಲಿಲ್ಲ."

"ಹೋಗು, ನೋಡು."

ಉಡಪ್ಪ ಸರಸರ ನಡೆದುಹೋಗಿ ಮೂತಿ ಬಗ್ಗಿಸಿ ನೋಡಿದ. "ಇದೆ."

"ಈಗ ನಿನ್ನ ಜಾಗಕ್ಕೆ ಹೋಗಿ ಕೂತು ಈ ಕಡೆ ನೋಡು."

ಉಡಪ್ಪ ಗಿರಕ್ಕನೆ ತಿರುಗಿ ಹೋಗಿ ಕೂತ, ನೋಡಿದ. ಗುರುತು ಇರಲಿಲ್ಲ. ಅವನ ಉದ್ದನೆಯ ದಪ್ಪ ಬಾಲ ತಿರುಗುವಾಗ ಒಮ್ಮೆ, ಹೋಗುವಾಗ ಒಮ್ಮೆ ಮಣ್ಣನ್ನು ಸವರಿ, ಬಾತುಗಳಿಗಿಂತ ನುಣ್ಣಗೆ ಮಾಡಿಟ್ಟಿತ್ತು. ಅವನ ಸ್ವಂತ ಹೆಜ್ಜೆಯೂ ಉಳಿದಿರಲಿಲ್ಲ.

ನಿಂತವರು ತಮ್ಮ ಅಂಗಳಕ್ಕೆ ಇಳಿಯಬಾರದು ಎಂದು ಆ ಕೆರೆಯಲ್ಲಿ ಯಾರೂ ನಿಯಮ ಮಾಡಿರಲಿಲ್ಲ. ಅಂಥ ಬುದ್ಧಿ ಯಾರಿಗಾದರೂ ಬಂದೀತು ಎಂದು ಅವರಿಗೆ ಹೊಳೆದಿರಲೇ ಇಲ್ಲ. ಕೋರೆರಾಯನಂತೂ ಓಟಿನ ದಿನ ಬೆಳಿಗ್ಗೆ ಮಲಗಿದರೆ ಮರುದಿನ ಏಳುತ್ತಿದ್ದ. ಅವನ ಅಂಗಳದಲ್ಲಿ ಬಿದ್ದ ಹೆಜ್ಜೆ ಬಿದ್ದಲ್ಲೇ ಇರುತ್ತಿತ್ತು.

"ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರಯ್ಯಾ?" ಎಂದಳು ಏಡಿಯಮ್ಮ. "ಸಂಜೆ ನೀನು ಸುಸ್ತಾಗಿ ತೂಕಡಿಸಿದ ಮೇಲೆ ಬಿದ್ದವು ಆ ಒಂಬತ್ತು. ಅದಕ್ಕೆ ಮುಂಚೆ ಹದಿನೆಂಟು ಬಿದ್ದಿದ್ದವು."

ಉಡಪ್ಪ ಮನಸ್ಸಿನಲ್ಲೇ ಕೂಡಿದ. ಇಪ್ಪತ್ತೇಳು. ಹಂದಿಗಿಂತ ಎರಡು ಹೆಚ್ಚು.

"ಮತ್ತೆ... ಹಿಂದಿನ ವರ್ಷಗಳು?"

"ಮೊದಲನೆಯ ವರ್ಷ ನಿಜವಾಗಿಯೂ ಸೋತೆ. ಎರಡನೆಯ ವರ್ಷದಿಂದ ನೀನೇ ಗೆದ್ದಿದ್ದೀಯ. ಆಗ ಮೂವತ್ತೆಂಟು ಬಿದ್ದಿದ್ದವು. ಆಮೇಲೆ ನೀನು ಬೈದವರು ಒಬ್ಬೊಬ್ಬರಾಗಿ ಬಿಟ್ಟುಹೋದರು. ಬಂದ ಕೆಲವರೂ ಬೋಳು ಅಂಗಳ ನೋಡಿ, ಇವನಿಗೆ ಯಾರೂ ಹಾಕಿಲ್ಲ, ನಮ್ಮದೊಂದು ಯಾಕೆ ದಂಡ ಎಂದು ಆಚೆ ಹೋಗಿ ಹಾಕಿದರು."

"ಇಷ್ಟು ವರ್ಷ ನೀವು ಹೇಳಬಾರದಿತ್ತೇ?"

"ಹೇಳಲು ಎರಡು ಸಲ ಬಂದೆ. ನೀನು ಮೋಸಗಾರರ ಮುಖ ನೋಡುವುದಿಲ್ಲ ಎಂದು ಬಿಲದ ಬಾಯಿಗೆ ಕಲ್ಲು ಇಟ್ಟುಕೊಂಡಿದ್ದೆ. ಚುನಾವಣೆಗೆ ಬಂದಾಗ ಬರೀ ನಿನ್ನದೇ ಮಾತು. ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಮುಂದಿನ ಮನೆಯಲ್ಲಿರುತ್ತಿದ್ದೆ."

ಉಡಪ್ಪನಿಗೆ ನೆನಪಾದದ್ದು ಸೋಲಲ್ಲ, ಪಡುವಣ ಗುಂಡಿ. ಎರಡನೆಯ ವರ್ಷವೇ ಕಾಲುವೆ ತೋಡಿದ್ದರೆ ಅಲ್ಲಿ ಅಷ್ಟು ಮೀನುಗಳು ಸಾಯುತ್ತಿರಲಿಲ್ಲ. ತನ್ನ ಅನುಮಾನವೇ ಅವುಗಳನ್ನು ಕೊಂದಿತು ಎನ್ನಿಸಿ ಅವನಿಗೆ ಅಳು ಬಂತು. ಅತ್ತ. ಏಡಿಯಮ್ಮ ಬೈಯುವುದನ್ನು ನಿಲ್ಲಿಸಿ ಪಕ್ಕದಲ್ಲಿ ಕೂತಳು.

"ಇನ್ನು ಚುನಾವಣೆಗೆ ನಿಲ್ಲುವುದಿಲ್ಲ," ಎಂದ ಉಡಪ್ಪ ಕೊನೆಗೆ.

"ಹಾಗಂದರೆ ಕಾಲುವೆ ತೋಡುವವರು ಯಾರು? ನಿಲ್ಲು. ಆದರೆ ಅದಕ್ಕೆ ಮುಂಚೆ ಮಾಡುವ ಕೆಲಸ ಒಂದಿದೆ, ಅದು ನಿನಗೂ ಗೊತ್ತು."

ಗೊತ್ತಿತ್ತು. ಮರುದಿನ ಉಡಪ್ಪ ಮತ್ತೆ ಮನೆಮನೆಗೆ ಹೊರಟ, ಗೆಣಸಿಲ್ಲದೆ. ಎಲ್ಲ ಬಾಗಿಲಲ್ಲೂ ಒಂದೇ ಮಾತು: "ತಪ್ಪು ನನ್ನದು. ನೀವು ಹಾಕಿದ್ದನ್ನು ನಾನೇ ಅಳಿಸಿದೆ. ಬೈದದ್ದಕ್ಕೆ ಕ್ಷಮಿಸಿ." ಮೊಲಗಳು ಬಿದ್ದು ಬಿದ್ದು ನಕ್ಕವು. ಕಪ್ಪೆಗಳು ಆ ಸುದ್ದಿಗೆ ಹಾಡು ಕಟ್ಟಿ ಮಳೆಗಾಲವಿಡೀ ಹಾಡಿದವು. ಕೆಲವರು ಬಾಗಿಲೇ ತೆರೆಯಲಿಲ್ಲ. ಮುಳ್ಳಣ್ಣನಂತೂ ಒಳಗಿನಿಂದಲೇ "ಆಯಿತು, ಹೋಗು" ಎಂದ. ಉಡಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಆ ವರ್ಷ ಅವನು ಬಿಲದ ಬಾಯಿಗೆ ಕಲ್ಲು ಇಡಲಿಲ್ಲ.

ಆರನೆಯ ಚುನಾವಣೆ ಬಂತು. ಕೆರೆ ಎಷ್ಟು ಇಳಿದಿತ್ತೆಂದರೆ, ಈ ಸಲ ಕಾಲುವೆ ತೆರೆಯದಿದ್ದರೆ ಮುಂದಿನ ಬೇಸಿಗೆಗೆ ಚುನಾವಣೆ ಮಾಡಲು ಕೆರೆಯೇ ಇರುವುದಿಲ್ಲ ಎಂದು ಬಾತುಗಳು ಮಾತಾಡಿಕೊಳ್ಳುತ್ತಿದ್ದವು.

ಉಡಪ್ಪ ಅಂಗಳದ ಆಚೆಗಿನ ಬಂಡೆಯೊಂದನ್ನು ಹತ್ತಿ, ಬಾಲವನ್ನು ಹೊಟ್ಟೆಯ ಕೆಳಗೆ ಮಡಚಿಕೊಂಡು ಕೂತ. ಸುಮ್ಮನೆ ಕೂರುವುದು ಸುಲಭ ಅಂದುಕೊಂಡಿರಾ? ಮೊದಲ ಹೆಜ್ಜೆ ಬೀಳುತ್ತಲೇ ಅವನ ಕಾಲುಗಳು ತಾವಾಗಿಯೇ ಎದ್ದವು. ಹಲ್ಲು ಕಚ್ಚಿ ಕೂತ. ಮೊಲವೊಂದು ಅವನ ಅಂಗಳದ ತನಕ ಬಂದು, ಕಿವಿ ಕೆರೆದುಕೊಂಡು, ಹಂದಿಯ ಅಂಗಳದ ಕಡೆಗೆ ಹೋಯಿತು. "ಅಯ್ಯೋ, ಯಾಕೆ?" ಎಂದು ಕೂಗಬೇಕೆನ್ನಿಸಿತು. ಕೂಗಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಬಂಡೆ ಕಾದು ಹೊಟ್ಟೆ ಸುಟ್ಟಿತು. ಎದುರಿಗೆ ಕೋರೆರಾಯ ಗೊರಕೆ ಹೊಡೆಯುತ್ತಿದ್ದ.

ಸಂಜೆಯಾಗುವಾಗ ಮುಳ್ಳಣ್ಣ ಬಂದ. ಅವನನ್ನು ನೋಡಿದರೆ ಎಲ್ಲಿ ಎದ್ದುಹೋಗುತ್ತೇನೋ ಎಂದು ಹೆದರಿ ಉಡಪ್ಪ ಕಣ್ಣು ಮುಚ್ಚಿಕೊಂಡ. ಕಣ್ಣು ಬಿಟ್ಟಾಗ ಮುಳ್ಳಣ್ಣ ಹೊರಟುಹೋಗಿದ್ದ.

ಮರುದಿನ ಟಿಟ್ಟಿಭ ಎಣಿಸಿತು. ಒಮ್ಮೆ ಎಣಿಸಿ ನಿಂತಿತು. ಮತ್ತೆ ಮೊದಲಿನಿಂದ ಎಣಿಸಿತು. ಬಿದಿರು ಮೆಳೆಯ ಬಳಿ ಸೇರಿದ್ದವರೆಲ್ಲ ಕತ್ತು ಚಾಚಿದರು.

"ಕೋರೆರಾಯನಿಗೆ ಮೂವತ್ತು! ಉಡಪ್ಪನಿಗೆ ಮೂವತ್ಮೂರು!"

ಕಪ್ಪೆಗಳು ಕುಣಿದಾಡಿದವು. ಏಡಿಯಮ್ಮ ಅಡ್ಡಡ್ಡ ಓಡಿದಳು. ಉಡಪ್ಪ ಮಾತ್ರ ಗುಂಪಿನೊಳಗೆ ಮುಳ್ಳಣ್ಣನನ್ನು ಹುಡುಕಿಕೊಂಡು ಹೋದ.

"ಮುಳ್ಳಣ್ಣ, ಒಂದು ಮಾತು ಕೇಳಲೇ?"

"ಈ ಸಲ ಹಾಕಿದೆನೋ ಇಲ್ಲವೋ ಅಂತ ತಾನೇ? ಕೇಳಬೇಡ," ಎಂದ ಮುಳ್ಳಣ್ಣ.

"ಅದಲ್ಲ. ನಾಳೆ ಕಾಲುವೆ ಕೆಲಸ ಶುರು. ನೀನು ಬರುತ್ತೀಯಾ?"

ಮುಳ್ಳಣ್ಣ ಅವನ ಉಗುರಿನ ಕಡೆ ನೋಡಿದ. "ನೀನು ಕಳ್ಳ ಅಂದ ವರ್ಷವೂ ನಿನಗೇ ಹಾಕಿದ್ದೆ ಕಣೋ. ನಿನ್ನ ಬಾಯಿ ನೋಡಿ ಹಾಕಲಿಲ್ಲ. ಒಬ್ಬನೇ ಹೂಳು ತೋಡಿ ಸವೆಸಿಕೊಂಡ ಆ ಉಗುರು ನೋಡಿ ಹಾಕಿದೆ. ಬರುತ್ತೇನೆ."

ಮರುದಿನ ಎಲ್ಲರೂ ಬಂದರು. ಉಡಪ್ಪ ಕೋರೆರಾಯನ ಮನೆಗೂ ಹೋಗಿ ಕರೆದ: "ರಾಯರೇ, ಮಣ್ಣು ಎಬ್ಬಿಸುವುದರಲ್ಲಿ ನಿಮ್ಮ ಮೂತಿಗೆ ಸಮ ಯಾರಿದ್ದಾರೆ?" ಸೋತ ಬೇಸರದಲ್ಲಿದ್ದ ಹಂದಿ ಆ ಮಾತಿಗೆ ಕರಗಿ ಎದ್ದು ಬಂದ, ಬಂದವನು ಹತ್ತು ಜನರ ಕೆಲಸ ಮಾಡಿದ.

ಮೊದಲ ಮಳೆಗೆ ಕಾಲುವೆಯಲ್ಲಿ ಕೆಂಪು ನೀರು ನೊರೆ ಕಟ್ಟಿಕೊಂಡು ಬಂತು. ಕೆರೆಗೆ ಇಳಿಯಿತು, ಪಡುವಣ ಗುಂಡಿಯನ್ನು ತುಂಬಿತು. ಮುಂದಿನ ಬೇಸಿಗೆಯಲ್ಲಿ ಅಲ್ಲಿ ಒಂದು ಮೀನೂ ಸಾಯಲಿಲ್ಲ.

ನೀತಿ: ತನ್ನನ್ನು ನಂಬಿದವರನ್ನು ಅನುಮಾನಿಸುವವನು ತನ್ನ ಗೆಲುವನ್ನು ತಾನೇ ಅಳಿಸುತ್ತಾನೆ, ಸೋತಾಗ ಊರನ್ನು ದೂರುವ ಮೊದಲು ಒಮ್ಮೆ ಹಿಂದಿರುಗಿ ನೋಡಿಕೊಳ್ಳಬೇಕು.