ಶಾಂತವೀರಪ್ಪನವರ ಬೆಳಗಿನ ನಿದ್ದೆ

ಶಾಂತವೀರಪ್ಪನವರು ಮಂತ್ರಿಗಳ ಬಾಲ್ಯದ ಗೆಳೆಯರು. ತಮ್ಮ ಮನೆ ಮುಂದೆ ಹೂ ಮಾರುವವರ ಗಲಾಟೆಗೆ ಬೆಳಗಿನ ನಿದ್ದೆ ಕೆಡುತ್ತದೆ ಅಂತ ಒಂದು ಮಾತು ಹೇಳಿದರು. ಹೂವಿನವರನ್ನೆಲ್ಲ ವಾರದೊಳಗೆ ಎತ್ತಂಗಡಿ ಮಾಡಿ ಎಂದು ಮಂತ್ರಿಗಳು ಆದೇಶ ಕೊಟ್ಟೇಬಿಟ್ಟರು.

ಹೂವಿನ ಚಿಕ್ಕತಾಯಮ್ಮ ಅಳುತ್ತ ಕೂರಲಿಲ್ಲ. ಮಂತ್ರಿಗಳಿಗೆಂದು ಹಾರ ಕೊಳ್ಳಲು ಬಂದವರಿಗೆಲ್ಲ, "ಅಲ್ಲೀತನಕ ಯಾಕೆ ಹೋಗ್ತೀರಿ? ಅವರು ಕೇಳೋದು ಈ ಮನೆ ಯಜಮಾನರ ಮಾತನ್ನೇ" ಅಂದಳು.

ಮರುದಿನ ನಸುಕಿಗೇ ಶಾಂತವೀರಪ್ಪನವರ ಜಗಲಿ ತುಂಬ ಹಾರ, ಅರ್ಜಿ, ಜನ. ವರ್ಗಾವಣೆ ಬೇಕಾಗಿದ್ದ ಮೇಷ್ಟರೊಬ್ಬರು ಬಚ್ಚಲ ಬಾಗಿಲನ್ನೇ ತಟ್ಟಿದರು.

"ಇವರನ್ನ ಹೇಗಮ್ಮ ಕಳಿಸೋದು?" ಎಂದು ಯಜಮಾನರು ಚಿಕ್ಕತಾಯಮ್ಮನ ಬುಟ್ಟಿ ಮುಂದೆ ಬಂದು ನಿಂತರು.

"ನಾವು ಇಲ್ಲೇ ಉಳಿದ್ರೆ, ನಮ್ಮನ್ನ ಎಬ್ಬಿಸೋಕೂ ನಿಮ್ಮ ಮಾತು ನಡೆಯಲ್ಲ ಅಂತ ಅವರೇ ಎದ್ದು ಹೋಗ್ತಾರೆ, ಸ್ವಾಮಿ."

ಶಾಂತವೀರಪ್ಪನವರು ಗೆಳೆಯನಿಗೆ ಫೋನು ಮಾಡಿ ಆದೇಶ ರದ್ದು ಮಾಡಿಸಿದರು. ಜನ ಕರಗಿತು. ಗೆಳೆಯನ ಮಾತಿಗೂ ಜಗ್ಗದ ಮಂತ್ರಿ ಎಂದು ಊರೆಲ್ಲ ಹೊಗಳಿತು. ಚಿಕ್ಕತಾಯಮ್ಮ ನಗುತ್ತ ಮೊಗ್ಗು ಕಟ್ಟುತ್ತಿದ್ದಳು.