ಹನ್ನೊಂದು ಎಮ್ಮೆ, ಒಂದು ಕಡಲು

“ಗುರುಗಳೇ, ನಿಮ್ಮ ಬಳಿ ಬಂದ ಎಷ್ಟೋ ಮಂದಿ ಕಾಣಬೇಕಾದ್ದನ್ನು ಕಂಡೆವು ಎಂದು ಹೇಳಿ ಹೋಗಿದ್ದಾರೆ. ನೀವು ಅದನ್ನು ಕಂಡಿದ್ದೀರಾ?” ಎಂದು ಶಿಷ್ಯ ಕೇಳಿದ.

ಕೇಳಬಾರದ ಪ್ರಶ್ನೆ ಎಂದು ಅವನಿಗೂ ಗೊತ್ತಿತ್ತು. ಕೇಳಿದ ಮೇಲೆ ನೆಲ ನೋಡುತ್ತ ನಿಂತ. ಆರು ವರ್ಷ ಗುರುಗಳ ಜೊತೆ ಇದ್ದವನು ಅವನು. ಇವರೇ ಕಾಣದಿದ್ದರೆ ತನಗೇನು ತೋರಿಸಿಯಾರು ಎಂಬ ಅನುಮಾನ ಹುಟ್ಟಿ, ಉತ್ತರ ಸರಿಬಾರದಿದ್ದರೆ ಗಂಟು ಕಟ್ಟಿ ಹೊರಟುಬಿಡುವುದೆಂದು ಮನಸ್ಸಿನಲ್ಲೇ ನಿಶ್ಚಯಿಸಿದ್ದ. ಗುರುಗಳಿಗೆ ಸಿಟ್ಟು ಬರಲಿಲ್ಲ. ಕುಳಿತುಕೋ ಎಂದು ಕೈಸನ್ನೆ ಮಾಡಿ ಒಂದು ಕತೆ ಹೇಳಿದರು.

ಘಟ್ಟದ ನೆತ್ತಿಯಲ್ಲಿ ಹುಲ್ಲುಗಾವಲುಗಳಿವೆ. ಬೇಸಿಗೆಯಲ್ಲಿ ಕೆಳಗಿನ ಊರುಗಳಲ್ಲಿ ಹುಲ್ಲು ಸುಟ್ಟುಹೋದಾಗಲೂ ಅಲ್ಲಿ ಹಸಿರು ಉಳಿದಿರುತ್ತದೆ. ಕಡಲಿನ ಕಡೆಯಿಂದ ಏರುವ ಮಂಜು ಅದನ್ನು ಒಣಗಗೊಡುವುದಿಲ್ಲ. ಹೋಳಿ ಹುಣ್ಣಿಮೆ ಕಳೆದ ಮೇಲೆ ಗೌಳಿಗಳು ಎಮ್ಮೆಗಳನ್ನು ಹೊಡೆದುಕೊಂಡು ಘಟ್ಟ ಹತ್ತುತ್ತಾರೆ. ಮೊದಲ ಮಳೆ ಬಿದ್ದಾಗ ಇಳಿಯುತ್ತಾರೆ.

ಹಾಗೆ ಹತ್ತುವವರಲ್ಲಿ ಒಬ್ಬ ಮುದುಕ ಇದ್ದ. ಅವನವು ಹನ್ನೊಂದು ಎಮ್ಮೆಗಳು. ಅವನ ಗುಡಿಸಲಿನ ಹಿಂದೆಯೇ ಒಂದು ಶಿಖರ. ಅದರ ತುದಿಯಲ್ಲಿ ನಿಂತರೆ ಕಡಲು ಕಾಣುತ್ತದೆ ಎಂದು ಎಲ್ಲೆಲ್ಲಿಂದಲೋ ಜನ ನಡೆದು ಬರುತ್ತಿದ್ದರು. ಬಂದವರಿಗೆಲ್ಲ ಈ ಮುದುಕನೇ ದಾರಿ ತೋರಿಸುತ್ತಿದ್ದ. ಕೊನೆಯ ಏರಿನ ಬುಡದವರೆಗೆ ಕರೆದೊಯ್ದು, ಇಲ್ಲಿಂದ ನೆಟ್ಟಗೆ ಹೋಗಿ ಎಂದು ಹೇಳಿ, ತಾನು ಒಂದು ಕಲ್ಲಿನ ಮೇಲೆ ಕುಳಿತುಬಿಡುತ್ತಿದ್ದ.

ಒಂದು ಬೇಸಿಗೆ ಬಯಲುಸೀಮೆಯಿಂದ ಒಬ್ಬ ಜವಳಿ ವರ್ತಕ ಬಂದ. ಅವನಿಗೆ ಗುಡ್ಡ ಹತ್ತುವ ಹುಚ್ಚು. ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ವರ್ಷಕ್ಕೆರಡು ತಿಂಗಳು ಅಲೆಯುತ್ತಿದ್ದ. ಹತ್ತಿದ ಗುಡ್ಡಗಳ ಹೆಸರನ್ನು ಮಗ್ಗಿಯಂತೆ ಒಪ್ಪಿಸುತ್ತಿದ್ದ. ಕೇಳುವವರು ಆಕಳಿಸಿದರೂ ಬಿಡುತ್ತಿರಲಿಲ್ಲ. ಅಂಥವನು ಶಿಖರದ ಬುಡದಲ್ಲೇ ಕಾಲು ಉಳುಕಿಸಿಕೊಂಡು ಬಿದ್ದ. ಆನೆ ಹೋಗುವ ದಾರಿಯಲ್ಲಿ ನಡೆದವನನ್ನು ಇಲಿಯ ಬಿಲ ಕೆಡವಿತು. ಮುದುಕ ಅವನನ್ನು ಬೆನ್ನ ಮೇಲೆ ಹೊತ್ತು ಗುಡಿಸಲಿಗೆ ತಂದು, ಬಿಸಿ ಉಪ್ಪಿನ ಶಾಖ ಕೊಟ್ಟು, ಎಂಟು ದಿನ ರೊಟ್ಟಿ ಮಜ್ಜಿಗೆ ಹಾಕಿದ. ಗುಡ್ಡಗಳ ಹೆಸರನ್ನೂ ಪೂರ್ತಿ ಕೇಳಿದ. ಅದು ರೊಟ್ಟಿ ಹಾಕಿದ್ದಕ್ಕಿಂತ ದೊಡ್ಡ ಉಪಕಾರ.

ಒಂಬತ್ತನೆಯ ದಿನ ವರ್ತಕ ಶಿಖರ ಹತ್ತಿದ. ಕಡಲನ್ನು ಕಂಡ. ಇಳಿದು ಬಂದವನು ಗುಡ್ಡಗಳ ಹೆಸರು ಒಪ್ಪಿಸುವುದನ್ನೇ ಮರೆತಿದ್ದ. ನೀನು ಇದನ್ನು ಎಷ್ಟು ಸಲ ನೋಡಿದ್ದೀಯ ಎಂದು ಮುದುಕನನ್ನು ಕೇಳಿದ.

“ನಾ ನೋಡಿಲ್ರಿ,” ಎಂದ ಮುದುಕ.

ತಮಾಷೆ ಎಂದುಕೊಂಡು ವರ್ತಕ ನಕ್ಕ. ಮುದುಕ ನಗಲಿಲ್ಲ. ಆಮೇಲೆ ಒಂದೊಂದಾಗಿ ವಿಷಯ ಹೊರಬಂತು. ಅವನ ಎಮ್ಮೆಗಳಿಗೆ ಒಂದು ಅಭ್ಯಾಸ. ಅವನು ಕಣ್ಣಿಗೆ ಬೀಳುತ್ತಿದ್ದರೆ ಮಾತ್ರ ಮೇಯುತ್ತವೆ. ಮರೆಯಾದರೆ ಮೇವು ಬಿಟ್ಟು ಹುಡುಕಿಕೊಂಡು ಬರುತ್ತವೆ. ಪ್ರಾಯದಲ್ಲಿ ಒಮ್ಮೆ ಅವನು ಆ ಏರಿನ ಅರ್ಧ ಹತ್ತಿದ್ದ. ಹಿಂದೆಯೇ ಬಂದ ಒಂದು ಎಮ್ಮೆ ಬಂಡೆಯ ಮೇಲೆ ಜಾರಿ ಕಾಲು ಮುರಿದುಕೊಂಡಿತು. ಅದು ತುಂಬುಗಬ್ಬದ ಎಮ್ಮೆ. ಉಳಿಯಲಿಲ್ಲ. ಅಂದಿನಿಂದ ಅವನು ಬುಡದ ಕಲ್ಲಿನಿಂದ ಮೇಲೆ ಹೆಜ್ಜೆ ಇಟ್ಟಿರಲಿಲ್ಲ.

ಹೆಂಡತಿ ಇದ್ದಾಗ ಅವಳನ್ನೇ ಮೊದಲು ಕಳಿಸಿದ್ದ. ಅವಳು ನೋಡಿ ಬಂದು, ನನಗೆ ಹೇಳಲು ಬರುವುದಿಲ್ಲ, ಎಮ್ಮೆಗಳನ್ನು ನಾನು ತಡೆದು ನಿಲ್ಲಿಸಿಕೊಳ್ಳುತ್ತೇನೆ, ನಾಳೆ ನೀನೇ ಹೋಗಿ ನೋಡು ಎಂದಿದ್ದಳು. ಮರುದಿನ ಮಳೆ ಹಿಡಿಯಿತು, ಘಟ್ಟ ಇಳಿದರು. ಮುಂದಿನ ಬೇಸಿಗೆಗೆ ಅವಳು ಇರಲಿಲ್ಲ. ಈಗ ಅವನ ಮೊಣಕಾಲುಗಳೂ ಸೋತಿದ್ದವು. ಮುಂದಿನ ವರ್ಷದಿಂದ ಎಮ್ಮೆಗಳನ್ನು ಅಳಿಯ ತರುವುದೆಂದು ನಿಶ್ಚಯವಾಗಿತ್ತು. ಇದೇ ಅವನ ಕೊನೆಯ ಬೇಸಿಗೆ. ಅವಳು ನೋಡು ಎಂದದ್ದನ್ನು ನೋಡದೆ ಇಳಿಯಬೇಕಲ್ಲ ಎಂಬ ಒಂದು ಕೊರಗು ಮಾತ್ರ ಅವನಿಗಿತ್ತು.

ವರ್ತಕನಿಗೆ ಸಂಕಟವಾಯಿತು. ಅವನು ಜಂಬಗಾರನೇ ಹೊರತು ಕೆಟ್ಟವನಲ್ಲ. ಆ ದಿನವೆಲ್ಲ ಯೋಚಿಸಿ ಒಂದು ಉಪಾಯ ಹೂಡಿದ. ಎಮ್ಮೆಗೆ ದೂರದ್ದು ಸರಿಯಾಗಿ ಕಾಣುವುದಿಲ್ಲ. ಅದು ಗುರುತು ಹಿಡಿಯುವುದು ಕಂಬಳಿಯನ್ನು. ಮುದುಕನ ಕಂಬಳಿ ಹೊದ್ದು, ಅವನ ಕೋಲು ಹಿಡಿದು, ಆ ಕಲ್ಲಿನ ಮೇಲೆ ತಾನು ಕುಳಿತಿರುವುದು. ಅಷ್ಟರಲ್ಲಿ ಮುದುಕ ಹೋಗಿ ನೋಡಿ ಬರುವುದು. ಎಮ್ಮೆಗಳನ್ನು ಅಷ್ಟು ದಡ್ಡ ಎಂದುಕೊಂಡಿರಾ ಎಂದು ಮುದುಕ ನಕ್ಕ. ನಕ್ಕನಾದರೂ ಬೇಡ ಎನ್ನಲಿಲ್ಲ.

ಮರುದಿನ ಬೆಳಗ್ಗೆ ಮಂಜು ಏಳುವ ಮೊದಲೇ ವರ್ತಕ ಕಂಬಳಿ ಹೊದ್ದು ಕಲ್ಲಿನ ಮೇಲೆ ಕುಳಿತ. ಕಂಬಳಿಯಲ್ಲಿ ಮುದುಕನ ವಾಸನೆ, ಹೊಗೆಯ ವಾಸನೆ, ನಲವತ್ತು ವರ್ಷ ಎಮ್ಮೆ ಕಾಯ್ದ ವಾಸನೆ. ಮೂಗು ಮುಚ್ಚಿಕೊಳ್ಳುವಂತಿಲ್ಲ, ಮುದುಕ ಹಾಗೆ ಮುಚ್ಚುವವನಲ್ಲ. ಎಮ್ಮೆಗಳು ಒಮ್ಮೆ ನೋಡಿ ಮೇಯತೊಡಗಿದವು. ಮೇಯುವ ಎಮ್ಮೆಯ ಕೊರಳ ಗಂಟೆ ನಿಲ್ಲುವುದಿಲ್ಲ. ಹನ್ನೊಂದು ಗಂಟೆಗಳ ಸದ್ದಿನಲ್ಲಿ ಮುದುಕ ಏರು ಹತ್ತಿದ. ಎರಡು ಕಡೆ ಕುಳಿತ, ಒಂದು ಕಡೆ ಕೈಯೂರಿದ. ಕೊನೆಗೆ ತುದಿ ಮುಟ್ಟಿದ. ಕೆಳಗಿನಿಂದ ವರ್ತಕ ಅವನನ್ನೇ ನೋಡುತ್ತಿದ್ದ. ತಾನು ಅಷ್ಟು ಗುಡ್ಡ ಹತ್ತಿದ್ದಾಗಲೂ ಅವನಿಗೆ ಅಷ್ಟು ಸಂತೋಷವಾಗಿರಲಿಲ್ಲ.

ಆಗ ಎಲ್ಲಕ್ಕಿಂತ ಹಳೆಯ ಎಮ್ಮೆ ಬಂದು ಕಂಬಳಿಯನ್ನು ಮೂಸಿತು. ಮತ್ತೊಮ್ಮೆ ಮೂಸಿತು. ತಲೆ ಎತ್ತಿತು. ಅದನ್ನು ನೋಡಿ ಉಳಿದವೂ ಒಂದೊಂದಾಗಿ ತಲೆ ಎತ್ತಿದವು. ಹನ್ನೊಂದು ಗಂಟೆಗಳೂ ನಿಂತವು.

ತುದಿಯಲ್ಲಿ ಮುದುಕ ಕಡಲಿನ ಕಡೆ ಮುಖ ಮಾಡಿ ಆಗಷ್ಟೇ ನಿಂತಿದ್ದ. ಗಂಟೆಯ ಸದ್ದು ನಿಂತದ್ದು ಅವನಿಗೆ ಕೇಳಿಸಿತು. ಅವನು ತಿರುಗಿದ. ಕಡಲಿಗೆ ಬೆನ್ನು ಹಾಕಿ, ಎರಡು ಕೈ ಎತ್ತಿ ಎಮ್ಮೆಗಳನ್ನು ಕೂಗಿದ. ಕೂಗುತ್ತಲೇ ಇಳಿಯತೊಡಗಿದ. ವರ್ತಕ ಎದ್ದು ನಿಂತು, ಒಂದು ಸಲ ನೋಡಿ ಬಾ, ಒಂದೇ ಸಲ ಎಂದು ಗಂಟಲು ಹರಿಯುವಂತೆ ಕೂಗಿದ. ಮುದುಕ ತಿರುಗಲಿಲ್ಲ.

ಅವನು ಬುಡಕ್ಕೆ ಬಂದು ಹಳೆಯ ಎಮ್ಮೆಯ ಹಣೆ ಸವರಿದ. ಅದು ತಲೆ ತಗ್ಗಿಸಿ ಮೇಯತೊಡಗಿತು. ಉಳಿದವೂ ಮೇಯತೊಡಗಿದವು. ವರ್ತಕನಿಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದವು. ಅಷ್ಟು ಹತ್ತಿ ಹೋಗಿ ಒಂದು ಗಳಿಗೆ ನಿಲ್ಲಬಾರದಿತ್ತೇ, ಅವು ಅಷ್ಟರಲ್ಲಿ ಸಾಯುತ್ತಿದ್ದವೇ ಎಂದು ಬೈದ.

ಮುದುಕ ಕಲ್ಲಿನ ಮೇಲೆ ಕುಳಿತು ಮೊಣಕಾಲು ತಿಕ್ಕಿಕೊಂಡ. “ಅವು ಬಾಯಾಗಿನ ಹುಲ್ಲು ಬಿಟ್ಟು ನಿಂತಾಗ ನಾ ಅಲ್ಲಿ ಏನು ನೋಡ್ಲಿರಿ?” ಎಂದ. ಆಮೇಲೆ ತನ್ನ ಕಂಬಳಿಯನ್ನು ಕೇಳಿ ಪಡೆದು ಹೊದ್ದುಕೊಂಡ. ಅವನ ಮುಖದಲ್ಲಿ ದುಃಖವಿರಲಿಲ್ಲ. ಹೆಂಡತಿಗೆ ಇದನ್ನು ಹೇಳಿದ್ದರೆ ಅವಳು ನಗುತ್ತಿದ್ದಳು ಎಂದಷ್ಟೇ ಹೇಳಿದ.

ಗುರುಗಳು ಕತೆ ನಿಲ್ಲಿಸಿದರು. ತನ್ನ ಪ್ರಶ್ನೆಗೆ ಉತ್ತರ ಸಿಕ್ಕಿತೋ ತಪ್ಪಿಸಿಕೊಂಡಿತೋ ಶಿಷ್ಯನಿಗೆ ತಿಳಿಯಲಿಲ್ಲ. ಅವನದು ಬಿಡದ ಸ್ವಭಾವ.

“ಹಾಗಾದರೆ ಆ ಮುದುಕ ಕಡಲನ್ನು ಕಂಡನೋ ಇಲ್ಲವೋ?” ಎಂದು ಕೇಳಿದ.

ಗುರುಗಳು ಅವನ ಮುಖವನ್ನೇ ನೋಡಿದರು.

“ನೀನು ಎರಡು ದಿನದಿಂದ ಸರಿಯಾಗಿ ಉಣ್ಣುತ್ತಿಲ್ಲ ಎಂದು ಅಡುಗೆಯವನು ಹೇಳಿದ, ಅದಕ್ಕೇ ನಾನೂ ನಿನ್ನ ಕಡೆ ತಿರುಗಿದೆ.”