ಅಣಬೆ ಚಿತ್ರದ ಅರ್ಜಿ

ಒಂದು ಕಾಡಿನ ಬಸವನಹುಳುವಿಗೆ ಸಿನಿಮಾ ಹುಚ್ಚು. ಅಣಬೆಯೊಂದು ಮೊಳೆತು ಕೊಡೆ ಬಿಚ್ಚುವುದನ್ನು ಮೊದಲಿನಿಂದ ಕೊನೆಯವರೆಗೆ ಚಿತ್ರಿಸಬೇಕು, ಮಾತು ಬೇಡ, ಹಾಡು ಬೇಡ ಎಂಬುದು ಅದರ ಹಟ. ಪ್ರಯೋಗಾತ್ಮಕ ಚಿತ್ರಗಳಿಗೆ ಕಾಡಿನ ಸರ್ಕಾರ ಸಹಾಯಧನ ಕೊಡುತ್ತದೆಂದು ಕೇಳಿ, ಮುತ್ತುಗದ ಎಲೆಯ ಮೇಲೆ ಅರ್ಜಿ ಬರೆದುಕೊಂಡು ಸಹಾಯಧನ ಸಮಿತಿಯ ಕಾರ್ಯದರ್ಶಿಯಾದ ಆಮೆಯ ಮುಂದೆ ಹೋಗಿ ನಿಂತಿತು.

ಆಮೆ ಎಲೆಯನ್ನು ನಿಧಾನವಾಗಿ ತಿರುವಿ ಕೇಳಿತು: "ಮೂರನೇ ದೃಶ್ಯದಲ್ಲಿ ಅಣಬೆ ಏನು ಮಾಡುತ್ತದೆ?"

"ಅದು ಮೊದಲೇ ಗೊತ್ತಿದ್ದರೆ ಪ್ರಯೋಗ ಹೇಗಾಗುತ್ತದೆ, ಸ್ವಾಮಿ?"

"ಗೊತ್ತಿಲ್ಲದ್ದಕ್ಕೆ ಸರ್ಕಾರ ದುಡ್ಡು ಕೊಡುವುದಿಲ್ಲ. ಇಂಥದೇ ಪ್ರಯೋಗವನ್ನು ಹಿಂದೆ ಯಾರಾದರೂ ಮಾಡಿದ್ದರೆ ಅದರ ದಾಖಲೆ ಲಗತ್ತಿಸಿ. ಅಣಬೆಯ ಒಪ್ಪಿಗೆ ಪತ್ರವೂ ಬೇಕು."

ಹುಳು ಒಪ್ಪಿಗೆ ಕೇಳಲು ಮರಳಿ ಹೋಗುವಷ್ಟರಲ್ಲಿ ಅಣಬೆ ಅರಳಿ, ಬಾಡಿ, ಮಣ್ಣಾಗಿತ್ತು. ಹುಳುವಿಗೆ ಸಿಟ್ಟು ನೆತ್ತಿಗೇರಿತು. ಚಿಪ್ಪಿನ ಮೇಲೆ ಕ್ಯಾಮೆರಾ ಹೊತ್ತು ವಾಪಸು ಬಂದು, ಆಮೆ ಯಾವುದೋ ಅಳಿಲಿನ ಅರ್ಜಿಯ ಒಂದೇ ಒಂದು ಎಲೆ ತಿರುವಿ ಹಾಕುವುದನ್ನು ಕೂತು ಚಿತ್ರಿಸಿತು. ಚಿತ್ರ ಎರಡು ಗಂಟೆಯದಾಯಿತು. "ಮುಗಿದ ಚಿತ್ರವನ್ನೇ ತಂದಿದ್ದೇನೆ, ಈಗಲಾದರೂ ಕೊಡಿ" ಎಂದು ಅದನ್ನು ಸಮಿತಿಗೆ ತೋರಿಸಿತು.

ತನ್ನನ್ನೇ ತೆರೆಯ ಮೇಲೆ ಕಂಡ ಆಮೆ ಉಸಿರು ಬಿಗಿಹಿಡಿದು ಕೊನೆಯವರೆಗೂ ನೋಡಿತು. ಆಮೇಲೆ ಹಣೆಯ ಬೆವರು ಒರೆಸಿಕೊಂಡು ಕಡತದಲ್ಲಿ ಷರಾ ಬರೆಯಿತು: "ಚಿತ್ರ ಬಹಳ ಚೆನ್ನಾಗಿದೆ. ಆದರೆ ಈ ವೇಗ ನೋಡಿದರೆ ಇದು ಪ್ರಯೋಗಾತ್ಮಕ ಚಿತ್ರವಲ್ಲ, ಸಾಹಸ ಚಿತ್ರ. ಆ ವಿಭಾಗದಲ್ಲಿ ಹೊಸದಾಗಿ ಅರ್ಜಿ ಸಲ್ಲಿಸುವುದು."